ದೇವರ ಬಲವೂ ಮನೆಯ ಭಾರವೂ

ನಮ್ಮ ಕ್ರೈಸ್ತ ಮನೆಗಳಲ್ಲಿ ನಿತ್ಯವೂ ಕೇಳಿಬರುವ ಮಾತುಗಳಲ್ಲಿ “ದೇವರು ಬಲ ಕೊಡುತ್ತಾನೆ” ಎಂಬುದು ಒಂದು. ಮಗು ಕಾಯಿಲೆಯಿಂದ ಮಲಗಿದಾಗಲೂ, ಬೆಳೆ ಕೈಕೊಟ್ಟಾಗಲೂ, ಮನೆಯಲ್ಲಿ ಸಾವು ಸಂಭವಿಸಿದಾಗಲೂ ಹಿರಿಯರು ಈ ಮಾತನ್ನೇ ಹೇಳಿ ಸಂತೈಸುವರು. ಮಾತು ಸತ್ಯವಾದುದೇ. ಆದರೆ ಸತ್ಯವಾದ ಮಾತೂ ಬರಿಯ ಬಾಯಿಪಾಠವಾದರೆ ಅದರ ಅರ್ಥವು ಸವೆದುಹೋಗುವುದುಂಟು. ಆ ಬಲವು ಯಾವಾಗ ದೊರೆಯುತ್ತದೆ, ಯಾರ ಕೈಯಿಂದ ಬರುತ್ತದೆ ಎಂಬುದನ್ನು ನಾವು ವಿಚಾರಿಸಿ ನೋಡುವುದು ಅಪರೂಪ. ಬಾಲಿಕೆಯರ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಈ ವಿಷಯವನ್ನೆತ್ತಲು ಕಾರಣವಿದೆ. ಇಂದು ಇಲ್ಲಿ ಕಲಿಯುವವರೇ ನಾಳೆ ಮನೆಯ ಭಾರವನ್ನು ಹೊರುವವರು.

ನನ್ನ ಊರಾದ ಸೂಲಿಬೆಲೆಯು ಹೊಸಕೋಟೆ ತಾಲ್ಲೂಕಿಗೆ ಸೇರಿದುದು. ರಾಗಿ, ಅವರೆ, ಹಿಪ್ಪುನೇರಳೆ ಈ ಸೀಮೆಯ ಬೆಳೆಗಳು. ರೇಷ್ಮೆಹುಳು ಸಾಕುವ ಮನೆಯಲ್ಲಿ ಬೆಳೆದವರಿಗೆ ನಾನು ಹೇಳುವುದು ಬೇಗನೆ ತಿಳಿಯುವುದು. ಮೊಟ್ಟೆಯೊಡೆದ ಹುಳುವು ಗೂಡು ಕಟ್ಟುವುದಕ್ಕೆ ಸುಮಾರು ನಾಲ್ಕು ವಾರಗಳು ಬೇಕು. ಅಷ್ಟರಲ್ಲಿ ಅದು ನಾಲ್ಕು ಸಲ ಮೇವು ಬಿಟ್ಟು ನಿಶ್ಚಲವಾಗಿದ್ದು, ಪೊರೆ ಕಳಚಿ ಏಳುತ್ತದೆ. ಇದನ್ನು ನಮ್ಮವರು ‘ಜ್ವರ’ ಎನ್ನುವರು. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಏಳೆಂಟು ದಿನಗಳಲ್ಲಿ ಅದು ತಿನ್ನುವ ಸೊಪ್ಪು ಅದುವರೆಗೆ ತಿಂದುದಕ್ಕಿಂತ ಎಷ್ಟೋ ಪಾಲು ಅಧಿಕ. ಆ ದಿನಗಳಲ್ಲಿ ಮನೆಯವರಿಗೆ ನಿದ್ರೆಯೆಂಬುದಿಲ್ಲ. ನಾಳೆಯ ಸೊಪ್ಪನ್ನು ಇಂದೇ ಕೊಯ್ದು ರಾಶಿ ಹಾಕಿದರೆ ಅದು ಕಾವೇರಿ ಕೆಡುತ್ತದೆ. ನಿನ್ನೆಯ ಬಾಡಿದ ಸೊಪ್ಪನ್ನು ಹುಳು ಮುಟ್ಟದು. ಆಯಾ ದಿನದ ಸೊಪ್ಪನ್ನು ಆಯಾ ದಿನವೇ ತರಬೇಕು.

ದೇವರ ಬಲವೂ ಹೀಗೆಯೇ ದೊರೆಯುತ್ತದೆಂದು ನಾನು ನಂಬಿದ್ದೇನೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಮನ್ನವು ದಿನದಿನಕ್ಕೆ ಬಿದ್ದಿತು. ದುರಾಶೆಯಿಂದ ಮರುದಿನಕ್ಕೆ ಕೂಡಿಟ್ಟವರ ಪಾತ್ರೆಯಲ್ಲಿ ಅದು ಹುಳುಬಿದ್ದು ನಾರಿತು. ಚಾರೆಪ್ತದ ವಿಧವೆಯ ಮಡಕೆಯಲ್ಲಿ ಹಿಟ್ಟು ತುಂಬಿ ತುಳುಕಿದುದಿಲ್ಲ. ಆದರೆ ಬರಿದಾಗಲೂ ಇಲ್ಲ. ಮುಂದಿನ ಹತ್ತು ವರುಷಗಳ ಚಿಂತೆಗೆ ಬೇಕಾದ ಬಲವನ್ನು ಇಂದೇ ಬೇಡಿ, ಅದು ಸಿಕ್ಕಲಿಲ್ಲವೆಂದು ಕುಗ್ಗುವವರು ನಮ್ಮಲ್ಲಿ ಅನೇಕರು. ಇಂದಿನ ಒಲೆಗೆ, ಇಂದಿನ ಜ್ವರಕ್ಕೆ, ಇಂದಿನ ಕಠಿಣವಾದ ಮಾತಿಗೆ ತಾಳ್ಮೆಯನ್ನು ಬೇಡುವವರಿಗೆ ಅದು ಕೊರತೆಯಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ, ನಮ್ಮ ಮನೆಗಳಲ್ಲಿ ಬೇರೂರಿರುವ ಎರಡು ತಪ್ಪುಗಳನ್ನು ತೋರಿಸಲು ಅನುಮತಿಯನ್ನು ಬೇಡುತ್ತೇನೆ.

ಮೊದಲನೆಯದು, ಭರವಸವನ್ನು ಆಲಸ್ಯಕ್ಕೆ ನೆಪಮಾಡಿಕೊಳ್ಳುವುದು. ಪ್ರಾರ್ಥಿಸುತ್ತೇವೆಂದು ಹೇಳಿ ರೋಗಿಯನ್ನು ವೈದ್ಯರ ಬಳಿಗೆ ಒಯ್ಯದಿರುವವರು ಇದ್ದಾರೆ. ಆದರೆ ಪ್ರಾರ್ಥನೆಯನ್ನು ನಮಗೆ ಕಲಿಸಿದ ಮಿಷನರಿಗಳೇ ಮೈಸೂರಿನಲ್ಲಿ 1906ರಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನೂ, ಕೋಲಾರದಲ್ಲಿ 1910ರಲ್ಲಿ ಎಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆಯನ್ನೂ ತೆರೆದರು. ಮೊಣಕಾಲೂರುವುದಕ್ಕೂ ಮದ್ದು ಕೊಡುವುದಕ್ಕೂ ಅವರು ವಿರೋಧವನ್ನು ಕಾಣಲಿಲ್ಲ. ಮದುವೆಯ ಆಡಂಬರಕ್ಕಾಗಿ ಮಿತಿಮೀರಿ ಸಾಲಮಾಡಿ, “ದೇವರು ದಾರಿ ತೋರಿಸುವನು” ಎನ್ನುವವರೂ ಇದ್ದಾರೆ. ಇದು ಭರವಸವಲ್ಲ, ನಮ್ಮ ಸಾಲಪತ್ರಕ್ಕೆ ದೇವರನ್ನು ಜಾಮೀನು ನಿಲ್ಲಿಸುವುದು.

ಎರಡನೆಯ ತಪ್ಪು ಇದಕ್ಕಿಂತಲೂ ಸೂಕ್ಷ್ಮವಾದುದು. ಅದನ್ನು ನಾನು ನನ್ನ ತಂದೆಯ ಮನೆಯಲ್ಲಿಯೇ ಕಂಡೆನು. ಆಗ ನನಗೆ ಹನ್ನೊಂದು ವರುಷ. ಹುಳು ನಾಲ್ಕನೆಯ ಜ್ವರದಿಂದೆದ್ದ ದಿನಗಳು. ತಾಯಿಯವರಿಗೆ ಮೈಕಾವು ಏರಿದ್ದರೂ ಬೆಳಗಿನಿಂದ ಸೊಪ್ಪು ಹೊತ್ತು, ಸಂಜೆ ಒಲೆಯ ಮುಂದೆ ಕುಳಿತಿದ್ದರು. ನಡುಮನೆಯಲ್ಲಿ ಕುಟುಂಬ ಪ್ರಾರ್ಥನೆ ನಡೆದಿತ್ತು. ತಂದೆಯವರು ಸತ್ಯವೇದವನ್ನು ಓದಿ, ಮನೆಯ ತಾಯಿಗೆ ಬಲವನ್ನು ದಯಪಾಲಿಸಬೇಕೆಂದು ಭಕ್ತಿಯಿಂದ ದೀರ್ಘವಾಗಿ ಬೇಡಿಕೊಂಡರು. ಆಮೆನ್ ಎಂದ ಮೇಲೆ ಅಜ್ಜಿಯವರು ಮೆಲ್ಲಗೆ, “ಯಾಕಪ್ಪಾ, ಅವಳಿಗೆ ಬಲ ಕೊಡು ಅಂತ ದೇವರನ್ನ ಕೇಳ್ತೀಯಲ್ಲ, ನಿನಗೆ ಕೊಟ್ಟಿರೋ ಬಲವನ್ನ ಎಲ್ಲಿ ಇಟ್ಟಿದ್ದೀಯ?” ಎಂದರು. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಂದೆಯವರು ಎದ್ದು, ಮೂಲೆಯಲ್ಲಿದ್ದ ಕೊಡವನ್ನು ತೆಗೆದುಕೊಂಡು ಬಾವಿಗೆ ಹೋದರು. ಅಂದಿನಿಂದ ಎಲ್ಲವೂ ಬದಲಾಯಿತೆಂದು ಹೇಳಿದರೆ ಸುಳ್ಳಾದೀತು. ಆದರೆ ಹುಳು ಹಣ್ಣಾಗಿ ಚಂದ್ರಿಕೆಗೆ ಹತ್ತುವವರೆಗೂ ನೀರು ತರುವ ಕೆಲಸ ಅವರದಾಯಿತು. ಪ್ರಾರ್ಥನೆಯೂ ತಾಯಿಯವರು ಬಂದು ಕುಳಿತ ಮೇಲೆಯೇ ಆರಂಭವಾಗತೊಡಗಿತು.

ದೇವರು ಬಲವನ್ನು ಮನುಷ್ಯರ ಕೈಗಳ ಮೂಲಕ ಕಳುಹಿಸುತ್ತಾನೆಂಬುದಕ್ಕೆ ನಮ್ಮ ಸೀಮೆಯ ಚರಿತ್ರೆಯಲ್ಲಿಯೂ ಸಾಕ್ಷ್ಯವುಂಟು. ಧಾತು ಈಶ್ವರ ಸಂವತ್ಸರಗಳ ಬರಗಾಲವನ್ನು, ಎಂದರೆ 1876ರಿಂದ 1878ರವರೆಗಿನ ಮಹಾಕ್ಷಾಮವನ್ನು, ಹಿರಿಯರಿಂದ ಕೇಳಿದವರು ನಮ್ಮಲ್ಲಿದ್ದಾರೆ. 1871ರ ಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೇಲ್ಪಟ್ಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಕಾಲದಲ್ಲಿ ಮಿಸ್ ಆನ್‌ಸ್ಟೇ ಎಂಬ ದೊರೆಸಾನಿಯವರು ನಮಗೆ ನೆರೆಯ ಕೋಲಾರದಲ್ಲಿ, ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಸೇರಿಸಿಕೊಂಡು ಸಾಕಿದರು. ಆ ಮಕ್ಕಳಿಗೆ ದೇವರ ಬಲವು ಉಪದೇಶದ ರೂಪದಲ್ಲಿ ಮಾತ್ರ ಬಂದಿದ್ದರೆ ಅವರು ಉಳಿಯುತ್ತಿರಲಿಲ್ಲ. ಅದು ಅನ್ನವಾಗಿಯೂ ಬಟ್ಟೆಯಾಗಿಯೂ ಬಂದಿತು. 1890ರಲ್ಲಿ ಆ ಅನಾಥಾಲಯವು ಮೆಥೊಡಿಸ್ಟ್ ಮಿಷನ್ನಿನವರ ಕೈಸೇರಿತು. ದೇವರನ್ನು ನಂಬಿ ಹೊತ್ತ ಭಾರವನ್ನೂ ಇನ್ನೊಬ್ಬರ ಹೆಗಲಿಗೆ ಒಪ್ಪಿಸಬಹುದು; ಅದು ಅವಿಶ್ವಾಸವಲ್ಲ.

“ತಾಳ್ಮೆಯೇ ಸ್ತ್ರೀಗೆ ಭೂಷಣ, ತನ್ನ ಶಿಲುಬೆಯನ್ನು ತಾನೇ ಹೊರಬೇಕು” ಎಂದು ಕೆಲವರು ಆಕ್ಷೇಪಿಸಬಹುದು. ತಾಳ್ಮೆಯು ಭೂಷಣವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಪುರುಷರಿಗೂ ಅದು ಭೂಷಣವೇ. ಆದರೆ ನಮ್ಮ ಕರ್ತನು ಶಿಲುಬೆಯನ್ನು ಹೊತ್ತು ನಡೆದ ದಾರಿಯಲ್ಲಿ ಕುರೇನ್ಯದ ಸೀಮೋನನೂ ಅದನ್ನು ಹೊತ್ತನೆಂಬುದನ್ನು ಮರೆಯಬಾರದು. ಮಾರ್ಥಳ ಕಥೆಯನ್ನು ಅಡಿಗೆಮನೆಯಲ್ಲಿ ದುಡಿಯುವ ಹೆಂಗಸರಿಗೆ ಬುದ್ಧಿಹೇಳಲು ಉಪಯೋಗಿಸುವವರು, ಸತ್ತವರೊಳಗಿಂದ ಎದ್ದ ಕರ್ತನು ತಿಬೇರಿಯ ಸಮುದ್ರದ ದಡದಲ್ಲಿ ಕೆಂಡದ ಮೇಲೆ ಮೀನನ್ನು ಸಿದ್ಧಮಾಡಿ, ದಣಿದ ಶಿಷ್ಯರನ್ನು ಊಟಕ್ಕೆ ಕರೆದುದನ್ನೂ ಓದಲಿ. ಆತನು ಹೀನವೆಂದೆಣಿಸದ ಕೆಲಸವು ನಮ್ಮ ಗಂಡಸರಿಗೆ ಹೀನವಾದೀತೆ?

ಕಾಲವು ಬದಲಾಗಿದೆ. ಬಾವಿಯ ಜಾಗದಲ್ಲಿ ಕೊಳವೆಬಾವಿಗಳಾಗಿವೆ. ಹೊಸಕೋಟೆಯ ಕಡೆ ಕಾರ್ಖಾನೆಗಳು ಎದ್ದಿವೆ. ಹಗಲೆಲ್ಲ ಹೊರಗೆ ದುಡಿದು ಸಂಜೆ ಮನೆಗೆ ಬರುವ ತಾಯಂದಿರಿಗೆ ಒಲೆಯೂ ಮಕ್ಕಳ ಪಾಠವೂ ಕಾದಿರುತ್ತವೆ. ಸಂಬಳ ಬಂದಿತು, ಭಾರ ಇಳಿಯಲಿಲ್ಲ. ಆದುದರಿಂದ ಅಜ್ಜಿಯವರ ಪ್ರಶ್ನೆಯು ಹಳೆಯದಾಗಿಲ್ಲ.

ಪ್ರಿಯ ವಿದ್ಯಾರ್ಥಿನಿಯರೇ, ನನ್ನ ನಮ್ರವಾದ ಸೂಚನೆ ಇಷ್ಟೇ. ಮುಂದೆ ನಿಮ್ಮ ಮನೆಗಳಲ್ಲಿ, ಎಲ್ಲರೂ ಕುಳಿತುಕೊಳ್ಳಬಹುದಾದ ಹೊತ್ತಿನಲ್ಲಿಯೇ ಕುಟುಂಬ ಪ್ರಾರ್ಥನೆಯನ್ನಿಡಿರಿ. ಒಬ್ಬರು ಹೊಗೆಯಲ್ಲಿದ್ದು ಉಳಿದವರು ಹಾಡುವಂತಾಗದಿರಲಿ. ಇನ್ನೊಬ್ಬರಿಗಾಗಿ ಬಲವನ್ನು ಬೇಡಿದಾಗ, ಅದರಲ್ಲಿ ನನ್ನ ಪಾಲೆಷ್ಟೆಂದು ಕೂಡಲೇ ಕೇಳಿಕೊಳ್ಳಿರಿ. ನಿಮಗೆ ದಣಿವಾದಾಗ ಅದನ್ನು ಮುಚ್ಚಿಡದೆ ಹೇಳಿರಿ. ಸಹಾಯವನ್ನು ಕೇಳುವುದು ವಿಶ್ವಾಸದ ಕೊರತೆಯಲ್ಲ. ನಿಮ್ಮ ಗಂಡುಮಕ್ಕಳಿಗೂ ಕೊಡ ಹೊರುವುದನ್ನು ಚಿಕ್ಕಂದಿನಿಂದಲೇ ಕಲಿಸಿರಿ.

ಎಲ್ಲರೂ ಕೈಗೂಡಿಸಿದರೂ ತೀರದ ಭಾರಗಳು ಉಳಿಯುವುವು: ಗುಣವಾಗದ ರೋಗ, ಹಿಂದಿರುಗದ ಮಗ, ಮರಣದ ಅಗಲಿಕೆ. ಅಲ್ಲಿ ಮನುಷ್ಯನ ಕೈ ಸೋಲುತ್ತದೆ. ಅಲ್ಲಿ ದೇವರನ್ನು ಆತುಕೊಳ್ಳುವುದೊಂದೇ ದಾರಿ. ಆ ಕಡುಕಷ್ಟದ ದಿನದಲ್ಲಿ ಆತನ ಮೇಲೆ ಒರಗುವುದನ್ನು ನಾವು ಕಲಿಯುವುದು, ಸಾಧಾರಣವಾದ ದಿನಗಳಲ್ಲಿ ಒಬ್ಬರ ಭಾರವನ್ನೊಬ್ಬರು ಹೊತ್ತು ನಡೆದ ಮನೆಯಲ್ಲಿಯೇ. ಅಂಥ ಮನೆಗಳನ್ನು ಕಟ್ಟುವ ಬಲವನ್ನೂ, ಕೊಟ್ಟ ಬಲವನ್ನು ಬಚ್ಚಿಡದಿರುವ ಮನಸ್ಸನ್ನೂ ಕರ್ತನು ನಮ್ಮೆಲ್ಲರಿಗೆ ದಿನದಿನವೂ ಅನುಗ್ರಹಿಸಲಿ.