ಔಷಧಿ ಪರೀಕ್ಷೆಯಲ್ಲಿ ಪ್ರಾಣಿಗಳ ಬಳಕೆ: ಬದಲಾವಣೆ ಮೊನೊಕ್ಲೋನಲ್ ಆ್ಯಂಟಿಬಾಡಿಯಿಂದಲೇ ಏಕೆ?

ಔಷಧಿಗಳಿಗಾಗಿ ಪ್ರಾಣಿಗಳ ಮೇಲೆ ನಡೆಸುವ ಪರೀಕ್ಷೆಯನ್ನು ಹಂತಹಂತವಾಗಿ ಕೈಬಿಡುವ ಯೋಜನೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಮೊದಲ ಸರದಿ ಮೊನೊಕ್ಲೋನಲ್ ಆ್ಯಂಟಿಬಾಡಿಗಳದ್ದು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಗಮನಿಸಬೇಕಾದ ಬೆಳವಣಿಗೆ ಇದು.

ರೋಗಾಣುವನ್ನು ಗುರುತಿಸಿ ಅದಕ್ಕೆ ಅಂಟಿಕೊಳ್ಳುವ ಪ್ರೋಟೀನೇ ಆ್ಯಂಟಿಬಾಡಿ, ಅಂದರೆ ಪ್ರತಿಕಾಯ. ಒಂದೇ ಜೀವಕೋಶದ ಸಂತತಿಯಿಂದ, ಒಂದೇ ಗುರಿಗೆ ಅಂಟುವಂತೆ ತಯಾರಿಸಿದ್ದು ಮೊನೊಕ್ಲೋನಲ್. ಇಲಿಯ ಕೋಶಗಳನ್ನು ಬಳಸಿ ಈ ವಿಧಾನವನ್ನು 1975ರಲ್ಲಿ ರೂಪಿಸಿದ ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1984ರಲ್ಲಿ ನೊಬೆಲ್ ಪಡೆದರು. ಇಂದು ಒಂದು ಬಗೆಯ ಸ್ತನ ಕ್ಯಾನ್ಸರ್‌ಗೆ ಟ್ರಾಸ್ಟುಜುಮಾಬ್, ಕೆಲವು ರಕ್ತದ ಕ್ಯಾನ್ಸರ್‌ಗಳಿಗೆ ರಿಟುಕ್ಸಿಮಾಬ್, ಸಂಧಿವಾತಕ್ಕೆ ಅಡಾಲಿಮುಮಾಬ್ ಬಳಕೆಯಲ್ಲಿವೆ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಟ್ರಾಸ್ಟುಜುಮಾಬ್‌ನ ಸಮಾನ ಔಷಧಿಯನ್ನು ಭಾರತದ ಮಾರುಕಟ್ಟೆಗೆ ತಂದಿತು.

ಇವುಗಳಲ್ಲಿ ಹಲವು ತಯಾರಾಗುವುದು 1957ರಲ್ಲಿ ಚೀನೀ ಹ್ಯಾಮ್‌ಸ್ಟರ್‌ನ ಅಂಡಾಶಯದಿಂದ ಪಡೆದ ಕೋಶಗಳ ಸಂತತಿಯಲ್ಲಿ. ಆ ಕೋಶಗಳನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸುವುದರಿಂದ ಪ್ರತಿ ಬಾರಿಯೂ ಹೊಸ ಪ್ರಾಣಿ ಬೇಕಿಲ್ಲ. ಹಿಂಸೆ ಹೆಚ್ಚಾಗಿ ಉಳಿದಿರುವುದು ಪರೀಕ್ಷೆಯ ಹಂತದಲ್ಲಿ. ಮಾನವನ ಗುರಿಗೆಂದೇ ರೂಪಿಸಿದ ಪ್ರತಿಕಾಯ ಇಲಿಯ ದೇಹದಲ್ಲಿ ಅನೇಕ ವೇಳೆ ಕೆಲಸವನ್ನೇ ಮಾಡದು. ಆಗ ಕೋತಿಗಳ ಮೇಲೆ ಪ್ರಯೋಗ ನಡೆಯುತ್ತದೆ.

ಅದೂ ಖಚಿತ ರಕ್ಷಣೆಯಲ್ಲ. 2006ರಲ್ಲಿ ಲಂಡನ್‌ನಲ್ಲಿ ಟಿಜಿಎನ್1412 ಎಂಬ ಪ್ರತಿಕಾಯವನ್ನು ಆರು ಸ್ವಯಂಸೇವಕರಿಗೆ ನೀಡಲಾಯಿತು. ಕೋತಿಗಳಲ್ಲಿ ಸುರಕ್ಷಿತವೆಂದು ಕಂಡ ಪ್ರಮಾಣದ ಐನೂರರಲ್ಲಿ ಒಂದು ಭಾಗವಷ್ಟೇ ಅದು. ಆದರೂ ಆರೂ ಮಂದಿ ತೀವ್ರ ನಿಗಾ ಘಟಕ ಸೇರಿದರು. ಕೋತಿಯ ಹಾಗೂ ಮನುಷ್ಯನ ರೋಗನಿರೋಧಕ ಕೋಶಗಳ ಸಣ್ಣ ವ್ಯತ್ಯಾಸವೇ ಇದಕ್ಕೆ ಕಾರಣವೆಂದು ನಂತರ ತಿಳಿಯಿತು. ಅಂದರೆ ಪ್ರಾಣಿಯನ್ನು ಬಿಡುವುದು ಕರುಣೆಯ ಪ್ರಶ್ನೆಯಷ್ಟೇ ಅಲ್ಲ, ರೋಗಿಯ ಸುರಕ್ಷತೆಯ ಪ್ರಶ್ನೆಯೂ ಹೌದು.

ಪರ್ಯಾಯವಾಗಿ ಮಾನವ ಕೋಶಗಳಿಂದ ಬೆಳೆಸಿದ ಕಿರು ಅಂಗಗಳು, ಚಿಪ್ ಮೇಲಿನ ಅಂಗಗಳು ಮತ್ತು ಕಂಪ್ಯೂಟರ್ ಮಾದರಿಗಳು ಬರುತ್ತಿವೆ. ಭಾರತವೂ 2023ರಲ್ಲಿ ಹೊಸ ಔಷಧಿಗಳ ನಿಯಮ ತಿದ್ದಿ ಇಂತಹ ವಿಧಾನಗಳಿಗೆ ಅವಕಾಶ ನೀಡಿದೆ. ಆದರೆ ಅವಕಾಶ ಬೇರೆ, ಆಚರಣೆ ಬೇರೆ. ಇಡೀ ದೇಹದಲ್ಲಿ ಔಷಧಿ ಹೇಗೆ ವರ್ತಿಸುತ್ತದೆ ಎಂಬುದನ್ನು ಚಿಪ್ ಇನ್ನೂ ಪೂರ್ಣವಾಗಿ ಹೇಳಲಾರದು. ಪ್ರಯೋಗಾಲಯಗಳಿಗೆ ಹಣ, ತರಬೇತಿ ಮತ್ತು ಒಪ್ಪಿತ ಮಾನದಂಡಗಳು ದೊರೆತರೆ ಮಾತ್ರ ನಿಯಮದ ಬದಲಾವಣೆ ಜೀವಗಳನ್ನು ಉಳಿಸೀತು.