ಬೊಕ್ಕತಲೆಯ ಪರವಾಗಿ ಎರಡು ಮಾತು

ಗಂಡು ನೋಡಲು ಬಂದವರು ಕೇಳುವ ಪ್ರಶ್ನೆಗಳಿಗೆ ನಮ್ಮ ಭಾಗದಲ್ಲಿ ಈಚೆಗೆ ಒಂದು ಹೊಸದು ಸೇರಿಕೊಂಡಿದೆ. ಹೊಲ ಎಷ್ಟು ಎಕರೆ, ಬಾವಿಗೆ ನೀರುಂಟೋ, ಕಬ್ಬು ಯಾವ ಕಾರ್ಖಾನೆಗೆ ಹೋಗುತ್ತದೆ, ಅಣ್ಣತಮ್ಮಂದಿರು ಎಷ್ಟು ಮಂದಿ, ಇವೆಲ್ಲ ಹಳೆಯವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಯಾವ ಹಿರಿಯನಿಗೂ ಇವು ಬಾಯಿಪಾಠ. ಹೊಸ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಬಂದವರ ಕಣ್ಣು ಹುಡುಗನ ಹಣೆಗಿಂತ ಎರಡು ಬೆರಳು ಮೇಲೆ ಹೋಗಿ ನಿಲ್ಲುತ್ತದೆ, ಅಷ್ಟೆ. ಎಂಟು ದಿನದ ಮೇಲೆ ಮಧ್ಯಸ್ಥ ಬಂದು ಚಹಾ ಕುಡಿದು ಹೇಳುತ್ತಾನೆ: “ಎಲ್ಲಾ ಛಲೋ ಐತ್ರಿ, ಹುಡುಗನ ತಲಿಮ್ಯಾಲ ಕೂದಲ ಭಾಳ ಕಮ್ಮಿ ಅದಾವ ಅಂತಾರ.”

ದುಡಿದು ತಿನ್ನುವ, ದುಶ್ಚಟವಿಲ್ಲದ, ಇಪ್ಪತ್ತೆಂಟು ವರ್ಷದ ತರುಣನನ್ನು ಈ ಒಂದು ಮಾತು ಎಷ್ಟು ಕುಗ್ಗಿಸುತ್ತದೆಂಬುದನ್ನು ನಾನು ನನ್ನ ಬಂಧುಬಳಗದಲ್ಲಿಯೇ ಕಂಡಿದ್ದೇನೆ. ಕಬ್ಬಿನ ಬಿಲ್ಲು ಕೈಗೆ ಬಂದ ವಾರವೇ ಅವನು ಮಿರಜಿಗೋ ಕೊಲ್ಹಾಪುರಕ್ಕೋ ಬಸ್ಸು ಹತ್ತುತ್ತಾನೆ. ಎಣ್ಣೆಯ ಸೀಸೆ, ಮಾತ್ರೆಯ ಡಬ್ಬಿ, ತಲೆಗೆ ಚುಚ್ಚಿಸಿಕೊಳ್ಳುವ ಸೂಜಿ, ಕೊನೆಗೆ ಕೂದಲ ಕಸಿ, ಒಂದಾದ ಮೇಲೊಂದು. ಈ ಲೇಖನವನ್ನು ಅವನ ಪರವಾಗಿ ಬರೆಯುತ್ತಿದ್ದೇನೆ. ಅವನ ನಾಚಿಕೆಯನ್ನೇ ಬಂಡವಾಳ ಮಾಡಿಕೊಂಡವರ ವಿರುದ್ಧವಾಗಿ ಬರೆಯುತ್ತಿದ್ದೇನೆ.

ನಮ್ಮ ಅಜ್ಜಂದಿರಿಗೆ ಈ ಪೇಚು ಇರಲಿಲ್ಲ. ಅವರಿಗೆ ಕೂದಲು ದಟ್ಟವಾಗಿತ್ತೆಂದಲ್ಲ. ತಲೆಯ ಮೇಲೆ ಪಟಕಾ ಇತ್ತು, ಇಲ್ಲವೆ ಬಿಳಿಯ ಟೋಪಿ ಇತ್ತು. ಬರಿದಲೆಯಲ್ಲಿ ನಾಲ್ಕು ಜನರ ಮುಂದೆ ಹೋಗುವುದೇ ಅಮರ್ಯಾದೆಯಾಗಿದ್ದಾಗ, ಟೋಪಿಯ ಕೆಳಗೆ ಏನಿದೆಯೆಂದು ಯಾರು ಇಣುಕಿ ನೋಡಿದರು? ಟೋಪಿ ಹೋಗಿ ಮೊಬೈಲಿನ ಫೋಟೋ ಬಂದ ಮೇಲೆ ಗಂಡಸಿನ ತಲೆ ಪೇಟೆಯ ಸರಕಾಯಿತು.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ನಮ್ಮ ಈ ಐದು ತಾಲೂಕುಗಳ ಮಣ್ಣಿನಿಂದ ಹೊರಟು ದೇಶವೆಲ್ಲ ಹೆಸರಾದವರು ಯಾರು? ಭೋಜದ ಕಡೆಯ ಶಾಂತಿಸಾಗರ ಮಹಾರಾಜರು (1872–1955). ಶೇಡಬಾಳದಲ್ಲಿ 1925ರಲ್ಲಿ ಹುಟ್ಟಿದ ವಿದ್ಯಾನಂದ ಮುನಿಗಳು. ಸದಲಗಾದಲ್ಲಿ 1946ರಲ್ಲಿ ಹುಟ್ಟಿ, 2024ರಲ್ಲಿ ದೇಹವಿಟ್ಟ ಆಚಾರ್ಯ ವಿದ್ಯಾಸಾಗರರು. ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಕೇಶಲೋಚನವೂ ಒಂದು. ಎರಡು, ಮೂರು ಅಥವಾ ಹೆಚ್ಚೆಂದರೆ ನಾಲ್ಕು ತಿಂಗಳಿಗೊಮ್ಮೆ, ಕತ್ತರಿ ಮುಟ್ಟದೆ, ತಲೆಯ ಮತ್ತು ಗಡ್ಡದ ಕೂದಲನ್ನು ತಮ್ಮ ಕೈಯಿಂದಲೇ ಕಿತ್ತು ತೆಗೆಯುತ್ತಾರೆ. ಅದನ್ನು ನೋಡಿ ಕೈಮುಗಿದ ಜನ ನಾವು. ಕೈಮುಗಿದು ಮನೆಗೆ ಬಂದು, ಗಂಡಿನ ತಲೆಯ ಮೇಲೆ ಕೂದಲೆಷ್ಟು ಎಂದು ಅಳೆಯುವವರೂ ನಾವೇ!

“ಮುನಿಗಳದು ತ್ಯಾಗ, ಹುಡುಗನದು ನಷ್ಟ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೆ?” ಎಂದು ಯಾರಾದರೂ ಕೇಳಿಯಾರು. ಒಪ್ಪಿದೆ. ಸಂಸಾರಿಯಾಗಬೇಕೆಂಬ ತರುಣನಿಗೆ ನಾನು ವೈರಾಗ್ಯ ಬೋಧಿಸುವುದಿಲ್ಲ. ಮುನಿಗಳನ್ನು ಬಿಡಿ, ತೆರೆಯ ನಾಯಕರನ್ನೇ ನೋಡೋಣ. ತೆರೆಯ ಮೇಲೆ ವಿಗ್ ಧರಿಸುತ್ತಿದ್ದ ರಾಜ್‌ಕುಮಾರ್ ಬಾಳಿನ ಕೊನೆಯ ವರ್ಷಗಳಲ್ಲಿ ಬಿಳಿಯ ಪಂಚೆ, ಬಿಳಿಯ ಅಂಗಿ, ಬೊಕ್ಕತಲೆಯಲ್ಲಿಯೇ ಜನರ ನಡುವೆ ಬಂದರು. 2000ದಲ್ಲಿ ವೀರಪ್ಪನ್ ಅವರನ್ನು 108 ದಿನ ಕಾಡಿನಲ್ಲಿ ಇಟ್ಟುಕೊಂಡು ಬಿಟ್ಟಾಗ, ನಾಡು ಕಾದು ಕುಳಿತಿದ್ದು ಅವರ ಮುಖ ನೋಡುವುದಕ್ಕೆ, ಕ್ರಾಪು ನೋಡುವುದಕ್ಕಲ್ಲ. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ರಜನೀಕಾಂತರೂ ಚಿತ್ರದ ಹೊರಗೆ ವಿಗ್ ಇಲ್ಲದೆಯೇ ತಿರುಗುತ್ತಾರೆ. ಇವರಿಗೆ ಶಿಳ್ಳೆ ಹೊಡೆಯುವ ಊರೇ ತನ್ನ ಹುಡುಗನಿಗೆ “ಬೊಕ್ಕ” ಎಂದು ಅಡ್ಡಹೆಸರಿಡುತ್ತದೆ. 2017ರಲ್ಲಿ ರಾಜ್ ಬಿ. ಶೆಟ್ಟಿಯವರು ‘ಒಂದು ಮೊಟ್ಟೆಯ ಕಥೆ’ ತೆಗೆದರು. ಅದರ ನಾಯಕ ಕನ್ನಡ ಉಪನ್ಯಾಸಕ, ತಲೆ ಬೊಕ್ಕ, ಹೆಣ್ಣು ಸಿಗುತ್ತಿಲ್ಲ. ಚಿತ್ರ ಓಡಿತು, ಎಲ್ಲರೂ ನಕ್ಕು ಬಂದರು. ನಕ್ಕವರಲ್ಲಿ ಎಷ್ಟು ಮಂದಿ ಮನೆಗೆ ಬಂದು ತಮ್ಮ ಮಾತು ತಿದ್ದಿಕೊಂಡರು?

ಇನ್ನು ಔಷಧದ ವಿಷಯ. “ಮೂರು ತಿಂಗಳಲ್ಲಿ ಕೂದಲು ಗ್ಯಾರಂಟಿ” ಎಂಬ ಜಾಹೀರಾತನ್ನು ನೀವು ಗೋಡೆಯ ಮೇಲೆ, ಮೊಬೈಲಿನಲ್ಲಿ ಕಂಡಿದ್ದೀರಿ. ನಮ್ಮ ದೇಶದ 1945ರ ಔಷಧ ನಿಯಮಗಳಲ್ಲಿ 106ನೆಯದು, ‘ಜೆ’ ಅನುಸೂಚಿಯಲ್ಲಿರುವ ರೋಗಗಳನ್ನು ತಡೆಯುತ್ತೇನೆ, ಗುಣಪಡಿಸುತ್ತೇನೆ ಎಂದು ಯಾವ ಔಷಧವೂ ಹೇಳಿಕೊಳ್ಳಕೂಡದೆಂದು ಸಾರುತ್ತದೆ. ಆ ಪಟ್ಟಿಯಲ್ಲಿ ಕ್ಯಾನ್ಸರಿನ ಜೊತೆಗೆ ಬೊಕ್ಕತಲೆಯೂ ಇದೆ, ಹೊಸ ಕೂದಲು ಬೆಳೆಸುವುದೂ ಇದೆ. ಕಾನೂನು ಪುಸ್ತಕದಲ್ಲಿ ನಿದ್ರಿಸುತ್ತಿದೆ. ಜಾಹೀರಾತು ಮಾತ್ರ ಹಗಲಿರುಳೂ ಎಚ್ಚರ.

ಹಾಗಾದರೆ ಚಿಕಿತ್ಸೆಯೇ ಇಲ್ಲವೆ? ಇದೆ, ಅದರ ಮಿತಿಯನ್ನೂ ಹೇಳಬೇಕು. ಗಂಡಸರ ಬೊಕ್ಕತಲೆ ಬಹುಮಟ್ಟಿಗೆ ವಂಶದಿಂದ ಬಂದದ್ದು. ತಾಯಿಯ ಕಡೆಯಿಂದಲೂ ಬರಬಹುದು, ತಂದೆಯ ಕಡೆಯಿಂದಲೂ ಬರಬಹುದು. ಗಂಡು ಹಾರ್ಮೋನಿನ ಒಂದು ರೂಪ ಕೂದಲಿನ ಬೇರನ್ನು ವರ್ಷ ವರ್ಷ ಸಣ್ಣದು ಮಾಡುತ್ತದೆ. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆ. ತಿಂದವರ ಮೈಮೇಲೆ ಕೂದಲು ಬಂದದ್ದನ್ನು ಕಂಡು ಅದನ್ನು ತಲೆಗೆ ಹಚ್ಚುವ ಮದ್ದು ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಫಿನಾಸ್ಟರೈಡ್ ಮಾತ್ರೆಗೆ 1997ರಲ್ಲಿ. ಹಲವರಿಗೆ ಇವು ಉದುರುವುದನ್ನು ತಡೆಯುತ್ತವೆ, ಕೆಲವರಿಗೆ ಒಂದಿಷ್ಟು ಬೆಳೆಸುತ್ತವೆ. ಫಲ ಕಾಣಲು ತಿಂಗಳುಗಳು ಬೇಕು. ಬಿಟ್ಟರೆ ಬಂದದ್ದು ಹೋಗುತ್ತದೆ. ಫಿನಾಸ್ಟರೈಡಿನಿಂದ ಕೆಲವರಿಗೆ ಲೈಂಗಿಕ ತೊಂದರೆ ಆಗುವುದುಂಟು. ಆತ್ಮಹತ್ಯೆಯ ಯೋಚನೆಯೂ ಅದರ ಅಡ್ಡಪರಿಣಾಮವೆಂದು ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ಖಚಿತಪಡಿಸಿದೆ. ಇದನ್ನೆಲ್ಲ ಕೂರಿಸಿಕೊಂಡು ಹೇಳುವವನು ವೈದ್ಯ. ಹೇಳದೆ ಡಬ್ಬಿ ಕೊಡುವವನು ವ್ಯಾಪಾರಿ.

ಕೂದಲ ಕಸಿಯೂ ಸುಳ್ಳಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ವೇನ್ ರೂನಿ 2011ರಲ್ಲಿ ಕಸಿ ಮಾಡಿಸಿಕೊಂಡು ತಾನೇ ಲೋಕಕ್ಕೆ ಸಾರಿದನು. ಹಿಂದಲೆಯ ಗಟ್ಟಿ ಕೂದಲನ್ನು ಬೇರುಸಹಿತ ಕಿತ್ತು ಮುಂದಲೆಯಲ್ಲಿ ನಾಟುವ ಶಸ್ತ್ರಕ್ರಿಯೆ ಅದು. ಶಸ್ತ್ರಕ್ರಿಯೆ ಎಂಬ ಮಾತಿಗೆ ಅಡಿಗೆರೆ ಹಾಕಿರಿ. ಯೂಟ್ಯೂಬ್ ನೋಡಿ ಕಲಿತದ್ದು ಇದಕ್ಕೆ ತರಬೇತಿಯಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಬರೆದು ಹೇಳಬೇಕಾಯಿತು! ಆ ಮೇಲೂ ಕಾನ್ಪುರದಲ್ಲಿ 2024ರ ನವೆಂಬರಿನಲ್ಲಿ ಒಬ್ಬ, 2025ರ ಮಾರ್ಚಿನಲ್ಲಿ ಇನ್ನೊಬ್ಬ, ಇಬ್ಬರು ಎಂಜಿನಿಯರರು ಕಸಿ ಮಾಡಿಸಿಕೊಂಡ ಬೆನ್ನಿಗೇ ತೀರಿಕೊಂಡರು. ಕೂದಲಿಗಾಗಿ ತಲೆಯನ್ನೇ ಕೊಟ್ಟಂತಾಯಿತು.

ಈ ಗದ್ದಲದಲ್ಲಿ ನಿಜವಾದ ರೋಗಿಯ ಕೂಗು ಕೇಳಿಸುವುದಿಲ್ಲ. ಹೆರಿಗೆಯಾದ ಎರಡು ಮೂರು ತಿಂಗಳಿಗೆ, ಟೈಫಾಯ್ಡು ಬಿಟ್ಟ ಮೇಲೆ, ಕೂದಲು ಹಿಡಿಹಿಡಿಯಾಗಿ ಬರುವುದುಂಟು. ಅದು ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಾದರೆ, ಥೈರಾಯ್ಡ್ ಕೆಟ್ಟರೆ ಹೆಣ್ಣುಮಕ್ಕಳ ಜಡೆ ತೆಳ್ಳಗಾಗುತ್ತದೆ. ಅವರಿಗೆ ಬೇಕಾದದ್ದು ರಕ್ತಪರೀಕ್ಷೆ, ಎಣ್ಣೆಯಲ್ಲ. 2024ರ ಕೊನೆ, 2025ರ ಆರಂಭದಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಹಳ್ಳಿಗಳಲ್ಲಿ ಕೆಲವೇ ದಿನಗಳಲ್ಲಿ ನೂರಾರು ಜನರ ತಲೆ ಬರಿದಾಯಿತು. ಡಾಕ್ಟರ್ ಹಿಮ್ಮತರಾವ್ ಬಾವಸ್ಕರರು ಪಡಿತರದ ಗೋಧಿಯಲ್ಲಿನ ಸೆಲೆನಿಯಂ ಕಡೆಗೆ ಬೊಟ್ಟು ಮಾಡಿದರು. ಅಲ್ಲಿ ಯಾವ ಎಣ್ಣೆ ಏನು ಮಾಡೀತು? ಹೆಣ್ಣಿನ ಪಾಲಿಗಂತೂ ಕೂದಲಿನಿಂದ ಮಾನ ಅಳೆಯುವುದು ಹೊಸದಲ್ಲ. ಗಂಡ ಸತ್ತವಳ ತಲೆ ಬೋಳಿಸಿ ಮೂಲೆಗೆ ಕೂಡಿಸಿದ ಪದ್ಧತಿ ನಮ್ಮ ಕೆಲವು ಜಾತಿಗಳಲ್ಲೇ ಇತ್ತು. ಅದನ್ನು ಅನಿಷ್ಟವೆಂದು ಬಿಟ್ಟವರು, ಅದೇ ಅಳತೆಗೋಲನ್ನು ಗಂಡುಮಕ್ಕಳ ಮುಂದೆ ಹಿಡಿಯುವುದು ಯಾವ ನ್ಯಾಯ?

ಬಾಚಣಿಗೆಯಲ್ಲಿ ಉಳಿದ ಕೂದಲಿಗೆ ನಮ್ಮಲ್ಲಿ ಬೆಲೆ ಇದೆ. ಬೀದಿಯಲ್ಲಿ ಬರುವವರು ಅದನ್ನು ಒಯ್ದು ಪಾತ್ರೆ ಕೊಡುತ್ತಾರೆ. ಕೊಪ್ಪಳದ ಹತ್ತಿರದ ಭಾಗ್ಯನಗರದಲ್ಲಿ ಕೂದಲು ಹಸನು ಮಾಡುವ ಉದ್ಯೋಗವೇ ಬೆಳೆದಿದೆ. ಉದುರಿದ ಕೂದಲಿಗೆ ಇರುವ ಬೆಲೆ, ಅದು ಯಾರ ತಲೆಯಿಂದ ಉದುರಿತೋ ಆ ಮನುಷ್ಯನಿಗೆ ಇಲ್ಲವೆಂದರೆ ಹೇಗೆ?

ಔಷಧ ನಿಯಂತ್ರಣದ ಅಧಿಕಾರಿಗಳು ‘ಜೆ’ ಅನುಸೂಚಿಯನ್ನು ಒಮ್ಮೆ ತೆರೆದು, ತಮ್ಮ ಜಿಲ್ಲೆಯ ಗೋಡೆಗಳನ್ನು ಓದಲಿ. ಕೂದಲು ಬೇಕೆನ್ನುವ ತರುಣ ಚರ್ಮವೈದ್ಯರಲ್ಲಿಗೆ ಹೋಗಲಿ. ಕೈಯಲ್ಲಿ ಹಣವಿದ್ದಷ್ಟೇ ಮಾಡಿಸಿಕೊಳ್ಳಲಿ, ಸಾಲ ಮಾಡದಿರಲಿ. ಹೆಣ್ಣು ಕೊಡುವ ಹಿರಿಯರು ಮುಂದಿನ ಸಲ ಗಂಡಿನ ಮನೆಗೆ ಹೋದಾಗ, ಅವನು ತಾಯಿಯ ಸಂಗಡ ಹೇಗೆ ಮಾತಾಡುತ್ತಾನೆ, ಆಳಿನ ಸಂಗಡ ಹೇಗೆ ಮಾತಾಡುತ್ತಾನೆ ಎಂಬುದನ್ನು ನೋಡಲಿ. ಮಗಳು ನಲವತ್ತು ವರ್ಷ ಬಾಳುವುದು ಅದರೊಡನೆ.