ಆಕಾಶದ ಖರ್ಚು, ಪಾವಗಡದ ಬಿಸಿಲು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಎಷ್ಟು ಆಳ ಕೊರೆದರೂ ನೀರು ಕಾಣದ ಕೊಳವೆಬಾವಿಗಳಿವೆ. ಪಾವಗಡದಲ್ಲಂತೂ ಸಿಕ್ಕ ನೀರಿನಲ್ಲೂ ಫ್ಲೋರೈಡ್. ಹೀಗಿರುವಾಗ 2023ರ ಚಂದ್ರಯಾನ-3ಕ್ಕೆ ಸುಮಾರು 600 ಕೋಟಿ ರೂಪಾಯಿ ಸುರಿಯಬೇಕಿತ್ತೇ ಎಂದು ನಮ್ಮ ಗಿರಣಿ ಕಾರ್ಮಿಕ ಬಂಧುಗಳೂ ಅಂಗಡಿಯವರೂ ಕೇಳುತ್ತಾರೆ. ಕೇಳುವುದು ನ್ಯಾಯವೇ. ಆದರೂ ಬೇಕಿತ್ತು ಎಂಬುದೇ ನಮ್ಮ ಅಭಿಪ್ರಾಯ.

1958ರಲ್ಲಿ ಅಮೆರಿಕ ಹಾರಿಸಿದ ವ್ಯಾನ್‌ಗಾರ್ಡ್, ಬಿಸಿಲಿನಿಂದ ವಿದ್ಯುತ್ ಪಡೆದ ಮೊದಲ ಉಪಗ್ರಹ. ಆಗ ಸೌರಕೋಶ ಬಲು ದುಬಾರಿ. ನೆಲದ ಮೇಲೆ ಅದನ್ನು ಕೊಳ್ಳುವವರು ವಿರಳ. ಆಕಾಶದ ಕೆಲಸವೇ ಅದನ್ನು ಸಾಕಿ ಬೆಳೆಸಿತು. ಅದೇ ವಿದ್ಯೆ ಇಂದು ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿದೆ. ಅದರ ಸಾಮರ್ಥ್ಯ 2,000 ಮೆಗಾವಾಟ್. ಮಳೆ ಕೊಡದ ಆಕಾಶ ಬಿಸಿಲಿನಿಂದಾದರೂ ಬೆಳಕು ಕೊಟ್ಟಿತು! ಕುಡಿಯುವ ನೀರಿಗಾಗಿ ಉಪಗ್ರಹ ಚಿತ್ರಗಳಿಂದ ಅಂತರ್ಜಲದ ನಕ್ಷೆಗಳನ್ನೂ ಮಾಡಿದ್ದಾರೆ.

ನಮ್ಮ ತಕರಾರು ಹಂಚಿಕೆಯದು. ಸೌರ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟ ರೈತನಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದು ಮೊದಲು ಗೊತ್ತುಮಾಡಿದರು. ಆ ಹೊಲದಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಭೂಹೀನ ಹೆಣ್ಣಾಳಿಗೆ ಆ ಗುತ್ತಿಗೆಯಲ್ಲಿ ಪಾಲಿಲ್ಲ. ಸೋಪು, ಬೆಂಕಿಪೊಟ್ಟಣ ಕೊಂಡಾಗಲೆಲ್ಲ ರಾಕೆಟ್ಟಿಗೆ ಆಕೆಯೂ ತೆರಿಗೆ ತೆತ್ತವಳೇ. ಆದುದರಿಂದ ಸರ್ಕಾರವನ್ನು ಒತ್ತಾಯಿಸುತ್ತೇವೆ: ಆಕಾಶಕ್ಕೆ ಹಣ ಕೊಡಿ, ಇನ್ನಷ್ಟು ಕೊಡಿ, ಆ ನೀರಿನ ನಕ್ಷೆಯನ್ನು ಪ್ರತಿ ಪಂಚಾಯಿತಿಯ ಗೋಡೆಗೆ ತೂಗುಹಾಕಿ, ಬಿಸಿಲಿನ ಆದಾಯದಲ್ಲಿ ಕೂಲಿಯವಳ ಪಾಲನ್ನೂ ಬರೆಯಿರಿ.